ಕಫದ ಡಬ್ಬಿ

ಗುಡ್ಡಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಒಂದೂರಲ್ಲಿ ಒಬ್ಬ ಹುಡುಗಿ ಇದ್ದಳಂತೆ. ಏಳು ಸಮುದ್ರದಾಚೆಯ ರಾಜ ಅವಳಿಗೆ ಓಲೆ ಕಳಿಸಿದನಂತೆ, ನಮ್ಮೂರಿಗೆ ಬಂದು ವಿದ್ಯೆ ಕಲಿ ಅಂತ. ಊರವರೆಲ್ಲ ಬುತ್ತಿ ಕಟ್ಟಿದರು. ಒಬ್ಬರು ಕಂಬಳಿ ಕೊಟ್ಟರು, ಒಬ್ಬರು ತುಪ್ಪ ಕೊಟ್ಟರು. ಊರಬಾಗಿಲಲ್ಲಿ ಕೂತಿದ್ದ ಮುದುಕಿಯೊಬ್ಬಳು ಮಾತ್ರ ಅಂಗೈಯಲ್ಲಿ ಅಡಗುವ ಡಬ್ಬಿಯೊಂದನ್ನು ಚಾಚಿ, "ಹೋಗೋಕೆ ಮುಂಚೆ ಇದನ್ನ ಆ ಬಿಳಿ ಮನೆಗೆ ಮುಟ್ಟಿಸು ಮಗಳೇ. ನನ್ನ ಜೀವ ಇದರೊಳಗೈತೆ. ದೂರ ಏನಿಲ್ಲ, ಮುನ್ನೂರು ಹೆಜ್ಜೆ" ಅಂದಳಂತೆ. ಹುಡುಗಿ ಹ್ಞೂಂ ಅಂದಳಂತೆ.

ಇದು ಅಜ್ಜಿ ಹೇಳಿದ ಕತೆಯಲ್ಲ, ಅಜ್ಜಿಯ ಧಾಟಿಯಲ್ಲಿ ನಾನು ಕಟ್ಟಿದ್ದು. ಅಜ್ಜಿಯ ಕತೆಗಳಲ್ಲಿ ಡಬ್ಬಿಯೊಳಗೆ ದುಂಬಿ ಇರುತ್ತಿತ್ತು, ದುಂಬಿಯೊಳಗೆ ರಾಕ್ಷಸನ ಜೀವ. ನನ್ನ ಕೈಗೆ ಬಂದ ಡಬ್ಬಿಯಲ್ಲಿ ಇದ್ದದ್ದು ಕಫ. ಬಿಳಿ ಪ್ಲಾಸ್ಟಿಕ್, ತಿರುಗಿಸುವ ಮುಚ್ಚಳ, ಮೇಲೊಂದು ಚೀಟಿ: ಉಚ್ಚಂಗೆಮ್ಮ, ಹೆಣ್ಣು, ವಯಸ್ಸು ಎಪ್ಪತ್ತೆರಡು. ಅಕ್ಷರ ನನ್ನದೇ.

ಉಚ್ಚಂಗೆಮ್ಮ ಅಂದರೆ ನಮ್ಮಪ್ಪನ ತಾಯಿ. ನ್ಯಾಮತಿಯಲ್ಲಿ ಅಪ್ಪನದು ಬೋರ್‌ವೆಲ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿ, ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅವರಿಬ್ಬರಿಗೂ ಪುರುಸೊತ್ತಿಲ್ಲದ್ದರಿಂದ ನಾನು ಬೆಳೆದದ್ದು ಅಜ್ಜಿಯ ತೊಡೆಯ ಮೇಲೆ. ಅಜ್ಜಿ ಕತೆ ಹೇಳುವಾಗ ಕೇಳುವವರು ಸಾಲಿಗೊಮ್ಮೆ ಹ್ಞೂಂ ಅನ್ನಬೇಕು. ಅನ್ನದಿದ್ದರೆ ಕತೆ ಅಲ್ಲೇ ನಿಲ್ಲುತ್ತಿತ್ತು. ಕುದುರೆ ಆಕಾಶದಲ್ಲೇ ನಿಂತುಬಿಡುತ್ತಿತ್ತು, ರಾಜಕುಮಾರಿ ಬಾವಿಯೊಳಗೆ ಅರ್ಧಕ್ಕೇ ತೂಗುತ್ತಿದ್ದಳು. "ನೀನು ಹ್ಞೂಂ ಅನ್ನದಿದ್ರೆ ಅವಳು ಬಿದ್ದು ಸಾಯ್ತಾಳೆ ನೋಡು" ಎಂದು ಹೆದರಿಸುತ್ತಿದ್ದಳು. ನಾನು ನಿದ್ದೆಗಣ್ಣಲ್ಲೂ ಹ್ಞೂಂ ಅನ್ನುತ್ತಿದ್ದೆ.

ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಮಣ್ಣಿನ ವಿಜ್ಞಾನ ಓದಲು ನನಗೆ ಸೀಟು ಸಿಕ್ಕಿತು, ಸರ್ಕಾರದ ವಿದ್ಯಾರ್ಥಿವೇತನವೂ ಬಂತು. ಅಜ್ಜಿ ಕೇಳಿದ್ದು ಒಂದೇ ಮಾತು. "ಮಣ್ಣು ನೋಡಾಕೆ ಅಷ್ಟು ದೂರ ಹೋಗ್ಬೇಕೇನೇ? ನಿಮ್ಮ ಚಿಕ್ಕಪ್ಪನ ಹೊಲದಾಗೆ ಬರೀ ಅದೇ ಇರೋದು." ಹೇಳಿ ತಾನೇ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಜೂನ್ ಮೊದಲ ವಾರ ಬಂತು. ಮೂರು ವಾರದಿಂದ ಕೆಮ್ಮುತ್ತಿದ್ದಾಳೆ ಎಂದು ತಿಳಿದು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಚೌಡಮ್ಮಕ್ಕ ಡಬ್ಬಿ ತಂದುಕೊಟ್ಟಳು. "ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ ಮೊದಲು ಬರೋ ಕಫ ಇದ್ರಾಗೆ ಹಾಕಿಸ್ರಿ. ಹತ್ತು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸ್ಬೇಕು. ಎಂಜಲು ಅಲ್ಲ, ಕಫ. ತಿಳೀತೇನಜ್ಜಿ?"

"ನನಗೆ ಕಫ ಯಾವುದು ಎಂಜಲು ಯಾವುದು ಅಂತ ಹೇಳಿಕೊಡಾಕೆ ಬಂದಳಲ್ಲಪ್ಪಾ ಇವಳು" ಎಂದಳು ಅಜ್ಜಿ. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಕೂತು ಎದೆ ಹಿಂಡಿ ತುಂಬಿಕೊಟ್ಟಳು. "ನೀನೇ ಕೊಟ್ಟು ಬಾ. ನಿಮ್ಮಪ್ಪ ಮೋಟಾರಿನ ಗ್ಯಾನದಾಗೆ ಎಲ್ಲಾದ್ರೂ ಇಟ್ಟು ಬರ್ತಾನೆ."

"ಕೊಟ್ಟೇ ಕೊಡ್ತೀನಜ್ಜಿ" ಅಂದೆ.

ಗೇಟಿನ ಹತ್ತಿರ ಅಮ್ಮ ತಡೆದಳು. ಅವಳ ಹಿಂದೆ ಮಹಾಂತೇಶಣ್ಣ ನಿಂತಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಅವನದು. ನನ್ನ ಪಾಸ್‌ಪೋರ್ಟು, ವಿದ್ಯಾರ್ಥಿವೇತನ, ವೀಸಾ ಎಲ್ಲದರ ಅರ್ಜಿಯನ್ನೂ ಅವನೇ ತುಂಬಿದ್ದು. ನಮ್ಮ ಮನೆಯಲ್ಲಿ ಅವನ ಮಾತಿಗೆ ಆಗ ದೇವರ ಅಪ್ಪಣೆಯಷ್ಟು ಬೆಲೆ.

"ತಂಗೀ, ಎಂಟು ದಿನಕ್ಕೆ ಬೆಂಗಳೂರಾಗೆ ನಿನ್ನ ಎದೆ ಎಕ್ಸ್‌ರೇ ಐತೆ. ಆ ದೇಶದೋರು ಟೀಬಿ ಇಲ್ಲ ಅಂತ ಸರ್ಟಿಫಿಕೇಟ್ ಇಲ್ದೆ ವೀಸಾ ಕೊಡಲ್ಲ, ಗೊತ್ತಲ್ಲ?" ಎಂದು ಅವನು ದನಿ ತಗ್ಗಿಸಿದ. "ಈಗ ಎಲ್ಲಾ ಆಧಾರ್‌ಗೆ ಲಿಂಕು. ಅಜ್ಜಿ ನಿಮ್ಮ ರೇಷನ್ ಕಾರ್ಡ್‌ನಾಗೇ ಐತೆ. ಅಜ್ಜಿ ಹೆಸರು ಟೀಬಿ ಲಿಸ್ಟಿಗೆ ಏರಿತು ಅಂದ್ರೆ, ಅಲ್ಲಿ ಏರ್‌ಪೋರ್ಟಿನಾಗೆ ಬಟನ್ ಒತ್ತಿದ್ರೆ ಇಡೀ ಕಾರ್ಡೇ ಕಣ್ಣಿಗೆ ಬೀಳ್ತೈತೆ."

ಇದು ಸುಳ್ಳಿರಬೇಕು ಎಂದು ನನಗೆ ಆ ಕ್ಷಣಕ್ಕೇ ಅನ್ನಿಸಿತ್ತು. ಸ್ಕಾಟ್ಲೆಂಡಿನವರು ನ್ಯಾಮತಿಯ ರೇಷನ್ ಕಾರ್ಡು ನೋಡುತ್ತಾ ಕೂತಿರುವುದಿಲ್ಲ. ಆದರೆ ಸುಳ್ಳು ಎಂದು ಬಾಯಿಬಿಟ್ಟು ಹೇಳಿದರೆ ನಾನು ಗೇಟು ದಾಟಿ ಆಸ್ಪತ್ರೆಗೆ ಮುನ್ನೂರು ಹೆಜ್ಜೆ ನಡೆಯಬೇಕಿತ್ತು. ನಿಜ ಇದ್ದರೂ ಇರಬಹುದು ಎಂದುಕೊಂಡರೆ ನಡೆಯಬೇಕಾಗಿರಲಿಲ್ಲ.

"ಎಕ್ಸ್‌ರೇ ಮುಗೀಲಿ ಕಣೇ" ಎಂದಳು ಅಮ್ಮ. "ಎಂಟೇ ದಿನ. ಧೂಳಿನ ಕೆಮ್ಮೇ ಇರ್ತೈತೆ. ಮೆಕ್ಕೆಜೋಳದ ಮೆಷೀನ್ ಓಣ್ಯಾಗೇ ಐತಲ್ಲ."

ನಾನು ಡಬ್ಬಿಯನ್ನು ಬಚ್ಚಲ ಗೋಡೆಯ ಮೇಲೆ, ಅಜ್ಜಿಯ ಕಣ್ಣಿಗೆ ಬೀಳದ ಎತ್ತರದಲ್ಲಿಟ್ಟೆ. ಒಂದು ಗಂಟೆ ಹೊರಗೆ ತಿರುಗಾಡಿ ಮನೆಗೆ ಬಂದೆ.

"ಕೊಟ್ಟೇನೇ?" ಎಂದಳು ಅಜ್ಜಿ.

"ಹ್ಞೂಂ."

ಎರಡು ದಿನ ಬಿಟ್ಟು ಮತ್ತೆ ಕೇಳಿದಳು. "ಏನಂದ್ರೇ ಆಸ್ಪತ್ರೆಯೋರು?"

"ಏನಿಲ್ಲ ಅಂದ್ರಜ್ಜಿ. ಧೂಳಿನ ಕೆಮ್ಮಂತೆ."

ಅಜ್ಜಿ ಎರಡೂ ಕೈಯೆತ್ತಿ ತನ್ನೂರಿನ ಕಡೆಗೆ, ಉಚ್ಚಂಗಿ ದೇವಿಯ ಗುಡ್ಡದ ಕಡೆಗೆ ಮುಗಿದಳು. ಮೂರನೆಯ ದಿನ ಅಮ್ಮ ಡಬ್ಬಿಯನ್ನು ಕಡ್ಡಿಯಿಂದ ತಳ್ಳಿ ಕಸದ ಚೀಲಕ್ಕೆ ಬೀಳಿಸಿದಳು. ಚೌಡಮ್ಮಕ್ಕ ಕೇಳಿದಾಗ, ದಾವಣಗೆರೆಯಲ್ಲಿ ಪ್ರೈವೇಟಾಗಿ ತೋರಿಸಿದ್ದೇವೆ ಎಂದಳು.

ನನ್ನ ಎಕ್ಸ್‌ರೇಗೆ ಎರಡು ದಿನ ಇರುವಾಗ ಅಜ್ಜಿಯನ್ನು ಜಗಳೂರು ಕಡೆಯ ಹಳ್ಳಿಗೆ, ಚಿಕ್ಕಪ್ಪ ದುರುಗೇಶನ ಮನೆಗೆ ಕಳಿಸಿದರು. ಕಳಿಸುವ ಮುಂಚೆ ಮಹಾಂತೇಶಣ್ಣ ಬೆರಳಚ್ಚಿನ ಯಂತ್ರ ತಂದ. ನಮ್ಮ ಕಾರ್ಡಿನಿಂದ ಅಜ್ಜಿಯ ಹೆಸರು ತೆಗೆದು ಚಿಕ್ಕಪ್ಪನ ಕಾರ್ಡಿಗೆ ಹಾಕುವ ಅರ್ಜಿ. ಅಕ್ಕಿ ಕೊಡಲು ಬಂದಿದ್ದಾನೆ ಎಂದುಕೊಂಡು ಅಜ್ಜಿ ಸೆರಗಿನಲ್ಲಿ ಹೆಬ್ಬೆರಳು ಒರೆಸಿ ಒತ್ತಿದಳು. "ಬರ್ತೈತೇನಪ್ಪಾ? ಸವೆದು ಹೋಗೈತೆ ಬೆರಳು" ಎಂದಳು. ಬಂತು.

ಬೆಂಗಳೂರಿನ ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ಷಯ ಇದೆಯೇ? ಇಲ್ಲ ಎಂದು ಗುರುತು ಹಾಕಿದೆ. ಪರೀಕ್ಷೆಯೇ ಆಗಿಲ್ಲವಲ್ಲ, ಹಾಗಾಗಿ ಇಲ್ಲ. ತಣ್ಣನೆಯ ತಗಡಿಗೆ ಎದೆಯೊತ್ತಿ ಉಸಿರು ಹಿಡಿದು ನಿಂತಾಗ, ನನ್ನೊಳಗೆ ಇಪ್ಪತ್ತೆರಡು ವರ್ಷ ಅಜ್ಜಿ ಊದಿದ ಉಸಿರೆಲ್ಲ ಆ ಫಿಲ್ಮಿನ ಮೇಲೆ ಬಂದುಬಿಡುತ್ತದೆ ಎಂದು ಹೆದರಿದ್ದೆ. ಏನೂ ಬರಲಿಲ್ಲ. ಜುಲೈ ಕೊನೆಗೆ ವೀಸಾ ಬಂತು.

"ಈಗ ಅಜ್ಜೀದು ಕೊಡೋಣ" ಎಂದೆ.

"ವಿಮಾನ ಹತ್ತು ಮೊದ್ಲು. ಮಾರನೇ ದಿನಾನೇ ನಾನು ಜಗಳೂರಿಗೆ ಹೋಗಿ ಕರ್ಕಂಡು ಹೋಗ್ತೀನಿ. ದೇವ್ರಾಣೆ" ಎಂದಳು ಅಮ್ಮ. ಅಪ್ಪ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದ. 

ಆಗಸ್ಟ್ ಹೇಗೆ ಕಳೆಯಿತೋ ತಿಳಿಯಲಿಲ್ಲ. ನನಗೆ ಹಗಲಲ್ಲೇ ಕನಸು ಕಾಣುವ ಅಭ್ಯಾಸ. ಫೋನಿನಲ್ಲಿ ಆ ಊರಿನ ಬೀದಿಗಳ ಚಿತ್ರ ತೆರೆದು, ಬೆರಳಿಂದ ತಳ್ಳುತ್ತಾ ನಡೆಯುತ್ತಿದ್ದೆ. ಕಲ್ಲಿನ ಮನೆಗಳು, ಒದ್ದೆ ಬೀದಿ, ಮೂಲೆಯಲ್ಲೊಂದು ಕೆಂಪು ಬಾಗಿಲು. ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ಫೋನು ಕೆಳಗಿಟ್ಟು ಬಚ್ಚಲಿಗೆ ಹೋಗಿ ನೋಡುತ್ತಿದ್ದೆ. ಬಚ್ಚಲ ಗೋಡೆಯ ಮೇಲೆ ಡಬ್ಬಿ ಇಟ್ಟಿದ್ದ ಜಾಗ ಬರಿದಾಗಿರುತ್ತಿತ್ತು. ಅನ್ನ ಸೇರುತ್ತಿರಲಿಲ್ಲ. ಹೊರಡೋ ಹುಡುಗೀಗೆ ಹಂಗೇ, ದಿಗಿಲು, ಎನ್ನುತ್ತಿದ್ದರು ಎಲ್ಲರೂ. ದಿಗಿಲು ಅನ್ನುವುದು ಒಳ್ಳೆಯ ಮುಚ್ಚಳವಾಗಿತ್ತು.

ಸೂಟ್‌ಕೇಸು ತೂಗಲು ಮೆಕ್ಕೆಜೋಳದ ವ್ಯಾಪಾರಿ ಬೆನಕಪ್ಪನವರ ಕಾಟಾಕ್ಕೆ ಹೋದೆವು. ಇಪ್ಪತ್ತಮೂರು ಕಿಲೋ ಇರಬೇಕಿತ್ತು, ಇಪ್ಪತ್ತೇಳೂವರೆ ಬಂತು. ಅಲ್ಲೇ ಚೀಲಗಳ ನಡುವೆ ಬಿಚ್ಚಿ ಶೇಂಗಾ ಚಟ್ನಿಪುಡಿ ತೆಗೆದೆವು, ಕುಕ್ಕರಿನ ಮುಚ್ಚಳ ತೆಗೆದೆವು.

"ಮುಚ್ಚಳ ಇಲ್ದೆ ಕುಕ್ಕರ್ ತಗಂಡು ಹೋಗಿ ಏನ್ಮಾಡ್ತಾಳ್ರೀ?" ಎಂದರು ಬೆನಕಪ್ಪ. "ನೂರು ಚೀಲ ಜೋಳ ತೂಗೀನಿ, ಇಷ್ಟು ತಕರಾರು ಕಂಡಿಲ್ಲ. ಚಳಿಗೆ ಸ್ವೆಟ್ಟರೆಲ್ಲ ಮೈಮೇಲೇ ಹಾಕ್ಕಂಡು ಹೋಗವ್ವ, ಮೈ ತೂಗಲ್ಲ ಅವರು."

ದೂರ ಹೊರಟವರು ಬಳಗದ ಮನೆಗಳಿಗೆಲ್ಲ ಹೋಗಿ ಹೇಳಿ ಬರಬೇಕು. ಹೊನ್ನಾಳಿಯಲ್ಲಿ ಉಡಚಮ್ಮತ್ತೆ ಅರಿಶಿನ ಕುಂಕುಮ ಕೊಟ್ಟು, ಒಳಗೆ ಕರೆದು ಕಿವಿಯಲ್ಲಿ ಪಿಸುಗುಟ್ಟಿದಳು. "ಅಲ್ಲಿ ಜನ ನೀರು ಮುಟ್ಟಲ್ವಂತೆ ಕಣೇ, ಬರೀ ಕಾಗದವಂತೆ. ಥೂ. ಇದನ್ನ ಇಟ್ಕ." ಪೇಪರಿನಲ್ಲಿ ಸುತ್ತಿದ ಪ್ಲಾಸ್ಟಿಕ್ ಚೊಂಬು. ಚನ್ನಗಿರಿಯಲ್ಲಿ ದೊಡ್ಡಮ್ಮ ಅಡಿಕೆ ಪುಡಿ, ಉಣ್ಣೆ ಟೊಪ್ಪಿಗೆ ಕೊಟ್ಟು ಅತ್ತಳು. "ನಿಮ್ಮಜ್ಜಿ ಹೆಂಗದಾಳೆ?" ಎಂದು ಇಬ್ಬರೂ ಕೇಳಿದರು. ಎರಡೂ ಕಡೆ ನಾನು ಚೆನ್ನಾಗದಾಳೆ ಎಂದೆ.

ಜಗಳೂರು ಉಳಿಯಿತು. ಗುರುವಾರ ಬೆಳಗಿನ ಜಾವ ಬೆಂಗಳೂರಿನಿಂದ ವಿಮಾನ. ಬುಧವಾರ ಹನ್ನೊಂದಕ್ಕೆ ನ್ಯಾಮತಿಯಿಂದ ಕಾರು.

"ಫೋನ್‌ನಾಗೇ ಮಾತಾಡು ಸುಚಿತ್ರಾ" ಎಂದಳು ಅಮ್ಮ. "ಈಗ ಹೋಗಿ ಅಲ್ಲಿ ಏನಾದ್ರೂ ಅಂಟಿಸ್ಕಂಡ್ರೆ?"

ಅವಳ ಬಾಯಿಂದ ಆ ಮಾತು ಅಷ್ಟು ಸರಾಗವಾಗಿ ಬಿತ್ತು. ಧೂಳಿನ ಕೆಮ್ಮು ಅಂಟುವುದಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಂಗಳವಾರ ಬೆಳಿಗ್ಗೆ ಯಾರಿಗೂ ಹೇಳದೆ ದಾವಣಗೆರೆ ಬಸ್ಸು ಹತ್ತಿದೆ, ಅಲ್ಲಿಂದ ಜಗಳೂರಿಗೆ. ಡಬ್ಬಿಯ ನಿಜ ಹೇಳಲು ಹೊರಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮುಖ ನೋಡಿ, ಕಾಲು ಮುಟ್ಟಿ, ಸಂಜೆಗೆ ಮನೆ ಸೇರಬೇಕೆಂದೇ ಹೊರಟದ್ದು.

ಚಿಕ್ಕಪ್ಪನದು ಎರಡು ಕೋಣೆಯ ಶೀಟಿನ ಮನೆ. ಮುಂದಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಮೂಲೆಯಲ್ಲಿ ಅಜ್ಜಿ ಗೋಡೆಗೊರಗಿ ಕೂತಿದ್ದಳು. ಕೊರಳಿನ ಎಲುಬು ಕೊಕ್ಕೆಯ ಹಾಗೆ ಎದ್ದು ನಿಂತಿತ್ತು. ಬಳೆ ಮೊಣಕೈವರೆಗೂ ಜಾರುತ್ತಿದ್ದವು. ತೊಡೆಯ ಮೇಲೆ ಚಿಕ್ಕಪ್ಪನ ಮಗಳು ಪುಟ್ಟಿ, ಎರಡು ವರ್ಷದವಳು. ಅಜ್ಜಿ ಕತೆ ಹೇಳುತ್ತಿದ್ದಳು.

"...ಆಮೇಲೆ ಆ ಗಿಳಿ ಹಾರಿ ಹೋತು."

"ಹೂಂ" ಎಂದಿತು ಕೂಸು.

"ಹಾರಿ ಹಾರಿ..." ಕೆಮ್ಮು ಬಂತು. ಅಜ್ಜಿ ಕೂಸಿನ ತಲೆಯ ಮೇಲೆಯೇ ಬಾಗಿ ಕೆಮ್ಮಿದಳು. ಕೂಸು ಅಲುಗಾಡಲಿಲ್ಲ. ಅದಕ್ಕೆ ರೂಢಿಯಾಗಿತ್ತು. ಕೆಮ್ಮು ಮುಗಿಯುವವರೆಗೆ ಕಾದು, ಜ್ಞಾಪಿಸುವಂತೆ ಮತ್ತೊಮ್ಮೆ "ಹೂಂ" ಎಂದಿತು.

ನನ್ನನ್ನು ನೋಡಿ ಅಜ್ಜಿಯ ಮುಖ ಅರಳಿತು. "ಬಂದ್ಯಾ ನನ್ನವ್ವಾ. ನೋಡದೇ ಹೋಗ್ತಾಳೇನೋ ಅಂದ್ಕಂಡಿದ್ದೆ." ಮರುಕ್ಷಣ ಸೆರಗಿನ ಮುದ್ದೆಯನ್ನು ಬಾಯಿಗೆ ತುರುಕಿಕೊಂಡಳು. ಮೈಯೆಲ್ಲ ಅದುರಿತು, ಕಣ್ಣಲ್ಲಿ ನೀರು ಬಂತು, ಆದರೆ ಸದ್ದು ಹೊರಬರಲಿಲ್ಲ.

"ಯಾಕಜ್ಜಿ ಹಂಗೆ ಮಾಡ್ತೀಯಾ?"

ಉತ್ತರ ಕೊಟ್ಟವಳು ಚಿಕ್ಕಮ್ಮ ಶೈಲಾ. "ಹೊರಟೋರ ಎದುರಿಗೆ ಕೆಮ್ಮಬಾರದಂತೆ, ಅಪಶಕುನವಂತೆ. ನೀನೇನಾದ್ರೂ ಬಂದ್ರೆ ಹೋಗೋ ತನಕ ಕೆಮ್ಮಲ್ಲ ಅಂತ ನಿನ್ನೆಯಿಂದ ಪ್ರ್ಯಾಕ್ಟೀಸ್ ಮಾಡ್ತಾ ಐತೆ ನಮ್ಮತ್ತೆ" ಎಂದು ನಕ್ಕಳು. "ನಾನೂ ಶುಂಠಿ ಕಷಾಯ, ದೊಡ್ಡಪತ್ರೆ ರಸ ಎಲ್ಲಾ ಕೊಟ್ಟೆ. ಕೇಳವಲ್ದು. ಇಲ್ಲಿ ಆಸ್ಪತ್ರೆಗೆ ತೋರ್ಸೋಣ ಅಂದ್ರು ಇವ್ರು. ನಾನೇ ಬ್ಯಾಡ ಅಂದೆ. ಸುಚಿತ್ರಾನೇ ಕೊಟ್ಟು ಬಂದೈತೆ, ಏನಿಲ್ಲ ಅಂದಾರೆ, ಓದಿದ ಹುಡುಗಿ, ಅವಳಿಗಿಂತ ನಿಮಗೆ ಗೊತ್ತಾ ಅಂತ ಬೈದೆ."

ಅಜ್ಜಿ ಬಾಯಿಂದ ಸೆರಗು ತೆಗೆದಳು. ಅದರ ಮೇಲೆ ಎಲೆ ಅಡಿಕೆಯ ಕಲೆಗಿಂತ ತೆಳುವಾದ ಒಂದು ಕೆಂಪು ಇತ್ತು. ಅವಳ ಎಲೆ ಅಡಿಕೆಯ ಚೀಲ ಮೊಳೆಗೆ ತೂಗುತ್ತಿತ್ತು, ಗಂಟು ಬಿಗಿದೇ ಇತ್ತು, ಮೇಲೆಲ್ಲ ಧೂಳು.

"ಎಷ್ಟು ದಿನದಿಂದ ಎಲೆ ಹಾಕಿಲ್ಲ ಅಜ್ಜಿ?"

"ಬಾಯಿಗೆ ರುಚಿ ಇಲ್ಲ ಬಿಡು. ತಿಂಗಳಾತು."

ಚಿಕ್ಕಮ್ಮ ತಟ್ಟೆಯಲ್ಲಿ ರೊಟ್ಟಿ ತಂದಿಟ್ಟಳು. ಅಜ್ಜಿ ಒಂದು ಚೂರು ಮುರಿದು ಅಗಿದು, ಮೆತ್ತಗಾದ ಮೇಲೆ ಬೆರಳಿಂದ ತೆಗೆದು ಪುಟ್ಟಿಯ ಬಾಯಿಗೆ ಇಡಲು ಹೋದಳು. ನನಗೂ ಹಾಗೆಯೇ ತಿನ್ನಿಸಿದ ಕೈ. ನಾನು ಎದ್ದು ಆ ಕೈ ಹಿಡಿದುಬಿಟ್ಟೆ.

"ಚಿಕ್ಕಮ್ಮ, ನಾನು ಕೊಡಲಿಲ್ಲ."

"ಏನು ಕೊಡಲಿಲ್ಲ?"

"ಕಫದ ಡಬ್ಬಿ. ಆಸ್ಪತ್ರೆಗೆ ಕೊಡಲೇ ಇಲ್ಲ. ಏನಿಲ್ಲ ಅಂದ್ರು ಅಂತ ಸುಮ್ನೆ ಹೇಳ್ದೆ."

ಚಿಕ್ಕಮ್ಮನಿಗೆ ಅದು ತಕ್ಷಣ ತಲೆಗೆ ಹೋಗಲಿಲ್ಲ. ನಗು ಅವಳ ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಉಳಿಯಿತು. ಹೊರಗೆ ಟ್ರ್ಯಾಕ್ಟರಿನ ಬೋಲ್ಟು ಬಿಗಿಯುತ್ತಿದ್ದ ಚಿಕ್ಕಪ್ಪ ಬಾಗಿಲಿಗೆ ಬಂದು ನಿಂತ. ನಾನು ಎಲ್ಲ ಹೇಳಿದೆ. ಎಕ್ಸ್‌ರೇ, ಮಹಾಂತೇಶಣ್ಣನ ಮಾತು, ರೇಷನ್ ಕಾರ್ಡು, ಬಚ್ಚಲ ಗೋಡೆ. ಹೇಳುತ್ತಾ ಹೋದಂತೆ ಅದು ಎಷ್ಟು ಸಣ್ಣದಾಗಿ ಕಾಣುತ್ತಿತ್ತೆಂದರೆ, ಇಷ್ಟಕ್ಕೇ ಏಕೆ ಕೊಡಲಿಲ್ಲ ಎಂದು ನನಗೇ ಅರ್ಥವಾಗಲಿಲ್ಲ.

"ಅಣ್ಣಂಗೂ ಗೊತ್ತಾ?" ಎಂದ ಚಿಕ್ಕಪ್ಪ.

"ಗೊತ್ತು."

ಅವನು ಗ್ರೀಸಿನ ಕೈಯಲ್ಲೇ ಫೋನು ತೆಗೆದು ಒತ್ತಿದ. "ಅಣ್ಣಾ, ಊಟ ಆತಾ?" ಎಂದ. ಯಾವಾಗಲೂ ಹಾಗೇ ಶುರು ಮಾಡುವುದು ಅವನು. ಆ ಕಡೆಯಿಂದ ಅಪ್ಪ ಏನೋ ಅಂದ.  ಚಿಕ್ಕಪ್ಪ ಫೋನು ಕತ್ತರಿಸಿ ಕಟ್ಟೆಯ ಮೇಲಿಟ್ಟ.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

"ಕೊಟ್ಟೆ ಅಂದಿದ್ದೆ."

"ಹ್ಞೂಂ."

"ಏನಿಲ್ಲ ಅಂದ್ರು ಅಂದಿದ್ದೆ."

"ಹ್ಞೂಂ ಅಜ್ಜಿ."

"ಈ ಕೂಸು ನಾನು ಅಗಿದ ರೊಟ್ಟಿ ತಿಂದೈತೆ ಕಣೇ. ಎರಡೂವರೆ ತಿಂಗಳು. ನನ್ನ ಬಾಯಿಂದ."

ನಾನು ಹ್ಞೂಂ ಅನ್ನಲಿಲ್ಲ. ಅಜ್ಜಿ ಪುಟ್ಟಿಯನ್ನು ತೊಡೆಯಿಂದ ತಳ್ಳಿದಳು. ಮೆಲ್ಲಗಲ್ಲ, ಬೆಂಕಿ ಕೊಡವಿಕೊಂಡ ಹಾಗೆ ತಳ್ಳಿದಳು. ಕೂಸು ಅಂಗಾತ ಬಿದ್ದು ಕಿರುಚಿತು. "ತಗಂಡು ಹೋಗ್ರಿ ಅದನ್ನ! ನನ್ನ ಹತ್ರ ಬಿಡಬ್ಯಾಡ್ರಿ! ತಗಂಡು ಹೋಗೇ ಶೈಲಾ!" ಚಿಕ್ಕಮ್ಮ ಎತ್ತಿಕೊಂಡು ಓಡಿದಳು. ಕೂಸು ಅವಳ ಹೆಗಲ ಮೇಲಿಂದ ಕೈಚಾಚಿ "ಗಿಳೀ... ಗಿಳೀ..." ಎಂದು ಅಳುತ್ತಿತ್ತು. ಕತೆ ಅರ್ಧಕ್ಕೇ ನಿಂತಿತ್ತಲ್ಲ.

ಅಜ್ಜಿ ಗೋಡೆಯ ಕಡೆ ತಿರುಗಿ ಕೂತಳು. ಈಗ ಕೆಮ್ಮು ಬಂದರೆ ತಡೆಯಲಿಲ್ಲ. ನಾನು ಎದುರಿಗೇ ಇದ್ದೆ, ಹೊರಟವಳು. ಜೋರಾಗಿ, ಉದ್ದಕ್ಕೆ ಕೆಮ್ಮಿದಳು.

ಕಾಲು ಹಿಡಿಯಲು ಹೋದೆ. ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ಮಧ್ಯಾಹ್ನ ಚಿಕ್ಕಪ್ಪ ನನ್ನೊಡನೆ ಮಾತಾಡದೆ ಬೈಕಿನಲ್ಲಿ ಜಗಳೂರಿನ ಆಸ್ಪತ್ರೆಗೆ ಹೋಗಿ ಖಾಲಿ ಡಬ್ಬಿ ತಂದ. ಬೆಳಗಿನ ಕಫವೇ ಬೇಕಂತೆ, ಹತ್ತರೊಳಗೆ ಕೊಡಬೇಕಂತೆ. "ನೀನು ಬಸ್ಸಿಗೆ ಹೋಗು" ಎಂದ ನನ್ನ ಚಪ್ಪಲಿಯನ್ನು ನೋಡುತ್ತಾ. "ನಾಳೆ ನಾನೇ ಕೊಡ್ತೀನಿ. ನಿನ್ನ ಕಾರು ತಪ್ಪಿದ್ರೆ ಅದೂ ನನ್ನ ತಲಿ ಮ್ಯಾಲೆ ಬರ್ತೈತೆ."

ಹೋಗಿಬಿಡಬಹುದಿತ್ತು. ಚೀಲವನ್ನೂ ಕೈಗೆ ತೆಗೆದುಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಗೋಡೆಯ ಕಡೆಯಿಂದ ಅಜ್ಜಿಯ ದನಿ ಬಂತು.

"ಅವಳೇ ಕೊಡ್ಲಿ."

"ಯವ್ವಾ, ಅವಳಿಗೆ ನಾಳೆ..."

"ಒಪ್ಪಿಕೊಂಡೋಳು ಅವಳು. ಅವಳೇ ಕೊಡ್ಲಿ."

ಇಪ್ಪತ್ತೆರಡು ವರ್ಷದಲ್ಲಿ ಅಜ್ಜಿ ನನಗೆ ಪ್ರೀತಿಯಿಲ್ಲದೆ ಹೇಳಿದ ಮೊದಲ ಮಾತು ಅದು. ಚೀಲವನ್ನು ಕೆಳಗಿಟ್ಟೆ.

ಸಂಜೆ ಅಮ್ಮ ಹನ್ನೆರಡು ಸಲ ಫೋನು ಮಾಡಿದಳು. ಮೊದಲು ಕಿರುಚಿದಳು, ಆಮೇಲೆ ಅತ್ತಳು. "ಒಂದೇ ದಿನ ಕಣೇ! ನಾಡಿದ್ದು ನೀನು ಮ್ಯಾಲೆ ಇರ್ತೀಯ, ಆಮೇಲೆ ಯಾರು ಏನಾದ್ರೂ ಬರ್ಕಳ್ಳಿ. ಒಂದು ದಿನಕ್ಕೆ ಯಾರೂ ಸಾಯಲ್ಲ. ಏರ್‌ಪೋರ್ಟ್‌ನಾಗೆ ಹಿಡಿದು ನಿಲ್ಲಿಸಿದ್ರೆ ಏನ್ಮಾಡ್ತಿ?"

"ಜೂನ್‌ನಲ್ಲೂ ಎಂಟೇ ದಿನ ಅಂದಿದ್ದೆ ಅಮ್ಮ."

"ನಾನು ಯಾರಿಗೋಸ್ಕರ ಮಾಡ್ದೆ?"

ಅದಕ್ಕೆ ಉತ್ತರ ನಾನೇ ಆಗಿದ್ದೆ. ಆಮೇಲೆ ಅಪ್ಪ ಫೋನು ತೆಗೆದುಕೊಂಡ.  "ಹನ್ನೆರಡೂವರೆಗೆ ದಾವಣಗೆರೆ ಬಸ್‌ಸ್ಟ್ಯಾಂಡಿಗೆ ಬಾ. ಸೂಟ್‌ಕೇಸು ಅಲ್ಲಿಗೇ ತರ್ತೀವಿ" ಎಂದ. ಫೋನು ಇಡುವ ಮುಂಚೆ, "ಅವ್ವ ಉಂಡ್ಳಾ?" ಎಂದು ಕೇಳಿದ.

"ಇಲ್ಲ" ಎಂದೆ.

ಅಜ್ಜಿಯ ಹಾಸಿಗೆಯನ್ನು ಅಂದೇ ಹೊರಗಿನ ಕಟ್ಟೆಗೆ ಹಾಕಿದರು. ಗಾಳಿ ಆಡುವ ಜಾಗ ಒಳ್ಳೆಯದೆಂದು ನಾನೇ ಹೇಳಿದ್ದು. ಆದರೆ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ಚಿಕ್ಕಮ್ಮ ಅವಳ ತಟ್ಟೆ ಲೋಟವನ್ನು ಬೇರೆಯಾಗಿ ಕಟ್ಟೆಯ ತುದಿಗಿಟ್ಟಳು. ತಪ್ಪಲ್ಲ. ನಿನ್ನೆಯವರೆಗೆ ಅತ್ತೆಯ ಕೆಮ್ಮಿಗೆ ನಗುತ್ತಾ ಕಷಾಯ ಕೊಟ್ಟವಳು ಈಗ ಕಣ್ಣು ಕೆಂಪಾಗಿಸಿಕೊಂಡು ಮಗಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಪುಟ್ಟಿ ಎರಡು ಸಲ ಕೆಮ್ಮಿತು. ಮಕ್ಕಳು ಕೆಮ್ಮುತ್ತವೆ. ಮನೆಯಲ್ಲಿದ್ದ ನಾವು ನಾಲ್ಕೂ ಜನ ಉಸಿರು ಹಿಡಿದು ಮೂರನೆಯ ಕೆಮ್ಮಿಗೆ ಕಾದೆವು.

ಬೆಳಿಗ್ಗೆ ಆರಕ್ಕೆ ಅಜ್ಜಿಯ ಬಾಯಿಗೆ ನೀರು ಕೊಟ್ಟೆ. ಮುಕ್ಕಳಿಸಿ ಉಗಿದಳು. ಡಬ್ಬಿಯ ಮುಚ್ಚಳ ತಿರುಗಿಸಿ ಹಿಡಿದೆ.  ಜೂನ್‌ನಲ್ಲಿ ಒಂದೇ ಸಲಕ್ಕೆ ಬಂದ ಕಫಕ್ಕೆ ಈಗ ಎದೆಯಲ್ಲಿ ಬಲವಿರಲಿಲ್ಲ. ಎರಡು ಸಲ ಬರೀ ಎಂಜಲು ಬಂತು. ಅವಳೇ ಬೆರಳಾಡಿಸಿ ಅಲ್ಲ ಎಂದಳು. ನಾನು ಬೆನ್ನು ಹಿಡಿದುಕೊಂಡೆ. ಸೀರೆಯ ಒಳಗೆ ಬೆನ್ನೆಲುಬನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೂರನೆಯ ಸಲಕ್ಕೆ ಬಂತು. ಕೆಂಪು ನಾರಿನೊಡನೆ ಬಂತು. ಅವಳು ಡಬ್ಬಿಯೊಳಗೆ ಇಣುಕಿ ನೋಡಿದಳು, ನನ್ನ ಕಡೆ ನೋಡಲಿಲ್ಲ.

"ಅಜ್ಜಿ, ಗುಳಿಗೆ ತಗಂಡ್ರೆ ವಾಸಿಯಾಗ್ತೈತೆ. ಆರು ತಿಂಗಳು."

"ಕೂಸಿಗೂ ನೋಡಾಕೆ ಹೇಳು" ಎಂದಳು ಅಷ್ಟೇ.

ಚಿಕ್ಕಪ್ಪ ಬೈಕಿನಲ್ಲಿ ಬಿಡುತ್ತೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಜಗಳೂರಿಗೆ ನಾಲ್ಕು ಕಿಲೋಮೀಟರು. ಡಬ್ಬಿಯನ್ನು ಕವರಿನಲ್ಲಿ ಸುತ್ತಿ ನೇರವಾಗಿ ಹಿಡಿದು ನಡೆದೆ. ಒಂದು ಆಟೋ ನಿಲ್ಲಿಸಿ ಒಬ್ಬ ಹೆಂಗಸು "ಪ್ರಸಾದ ಏನವ್ವಾ, ಅಷ್ಟು ಜ್ವಾಪಾನ ಹಿಡಿದಿದೀಯಾ?" ಎಂದು ಕೇಳಿದಳು. "ಅಲ್ಲಮ್ಮಾ, ಕಫ" ಎಂದೆ. ಆಟೋ ಹೊರಟು ಹೋಯಿತು.

ಆಸ್ಪತ್ರೆಯ ಲ್ಯಾಬಿನ ಮುಂದೆ ಒಂಬತ್ತಕ್ಕೇ ಸಾಲಿತ್ತು. ಒಂಬತ್ತೂವರೆ. ಒಂಬತ್ತೂ ಮುಕ್ಕಾಲು. ಅಮ್ಮ ಫೋನು ಮಾಡಿದಳು, ಎತ್ತಲಿಲ್ಲ. ಹನ್ನೆರಡೂವರೆಗೆ ದಾವಣಗೆರೆ ಮುಟ್ಟಬೇಕಾದರೆ ಹತ್ತೂವರೆಯ ಬಸ್ಸು ಸಿಗಲೇಬೇಕು. ನನ್ನ ಮುಂದಿದ್ದ ಮುದುಕಪ್ಪ ರಕ್ತ ಕೊಡಲು ತೋಳು ಬಿಚ್ಚಲು ಐದು ನಿಮಿಷ ತೆಗೆದುಕೊಂಡ. ನಾನು ಒಂದು ಸಲ ಕೆಮ್ಮಿದೆ. ಕೆಮ್ಮಿ, ಇದು ಎಂಥ ಕೆಮ್ಮು ಎಂದು ನನ್ನೊಳಗೇ ಕಿವಿಗೊಟ್ಟೆ.

ಕಿಟಕಿಯ ಆಚೆ ನನ್ನದೇ ವಯಸ್ಸಿನ ಟೆಕ್ನಿಷಿಯನ್ ಹುಡುಗಿ ಇದ್ದಳು. ರಿಜಿಸ್ಟರು ತೆರೆದು ಪೆನ್ನು ಹಿಡಿದಳು.

"ಪೇಶೆಂಟ್ ಹೆಸರು?"

"ಉಚ್ಚಂಗೆಮ್ಮ. ಎಪ್ಪತ್ತೆರಡು."

"ಅಡ್ರೆಸ್ಸು?"

ಚಿಕ್ಕಪ್ಪನ ಹಳ್ಳಿಯ ಹೆಸರು ಹೇಳಿದೆ. ಆಮೇಲೆ, "ನ್ಯಾಮತೀದೂ ಬರ್ಕಳ್ರಿ. ಕೆಮ್ಮು ಶುರುವಾಗಿದ್ದು ಅಲ್ಲಿ" ಎಂದೆ.

"ಎರಡೂ ಮನೆಯಾಗೆ ಯಾರ್ಯಾರು ಇದ್ರಿ? ಎಲ್ರಿಗೂ ನೋಡ್ಬೇಕಾಗ್ತೈತೆ."

ಒಬ್ಬೊಬ್ಬರ ಹೆಸರೂ ಹೇಳಿದೆ. ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ. ಪುಟ್ಟಿಯ ವಯಸ್ಸು ಹೇಳಿದಾಗ ಅವಳ ಪೆನ್ನು ಒಂದು ಕ್ಷಣ ನಿಂತಿತು. "ಸಣ್ಣ ಕೂಸನ್ನ ಇವತ್ತೇ ಕರ್ಕಂಡು ಬರ್ರಿ, ನಾಳೆ ಅನ್ನಬ್ಯಾಡ್ರಿ." ಕೊನೆಗೆ ನನ್ನ ಹೆಸರು ಹೇಳಿದೆ, ನನ್ನ ಫೋನ್ ನಂಬರು ಹೇಳಿದೆ, ಆಧಾರ್ ನಂಬರು ಹೇಳಿದೆ. ಅವಳು ಅದನ್ನು ಬರೆದುಕೊಳ್ಳುವಾಗ ಯಾವ ಏರ್‌ಪೋರ್ಟಿನಲ್ಲೂ ಬಟನ್ ಒತ್ತಿದ ಸದ್ದಾಗಲಿಲ್ಲ.

"ಮೊದ್ಲು ಎಲ್ಲಾದ್ರೂ ಕಫ ಪರೀಕ್ಷೆ ಮಾಡ್ಸಿದ್ರಾ? ಏನಾದ್ರೂ ರಿಪೋರ್ಟ್ ಐತಾ?"

"ಇಲ್ಲ" ಎಂದೆ. "ಮಾಡ್ಸೇ ಇಲ್ಲ."

ಅವಳು ಮಾಸ್ಕನ್ನು ಮೇಲೆಳೆದುಕೊಂಡು, ಕೈಗವಸು ತೊಟ್ಟು, ಕಿಟಕಿಯಿಂದ ಕೈ ಚಾಚಿದಳು. ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ.